ಹಳೇ ಬೋರ್ಡಿನ ಗುಟ್ಟು ಹಳೇ ಬಯೋಸಿಗೇ ಗೊತ್ತು

ವಿರಾಜಪೇಟೆಯ ನಮ್ಮ ಮನೆಯಲ್ಲಿ ಜುಲೈ ಬಂತೆಂದರೆ ಗೋಡೆಗಳೂ ಬೆವರುತ್ತವೆ. ಕಳೆದ ಮಳೆಗಾಲದಲ್ಲಿ, ಕಾಫಿ ತೋಟದ ಲೆಕ್ಕಕ್ಕಿದ್ದ ಹಳೇ ಕಂಪ್ಯೂಟರ್ ಬಿಚ್ಚಿಕೊಂಡು ಕೂತೆ. 2011ರ ಆಸುಪಾಸಿನ ಡಿಡಿಆರ್3 ಬಗೆಯ ಮೆಮೊರಿಯ ಮದರ್‌ಬೋರ್ಡು, ಇನ್ನೂ ಗಟ್ಟಿಮುಟ್ಟು. ಆದರೆ ಅದರ ಬಯೋಸ್‌ಗೆ, ಅಂದರೆ ಸ್ವಿಚ್ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮಿಗೆ, ಹೊಸ ಆವೃತ್ತಿ ಬರುವುದು ನಿಂತು ವರ್ಷಗಳಾಗಿವೆ. ಅದರ ಜಾಗದಲ್ಲಿ ಕೋರ್‌ಬೂಟ್ ಕೂರಿಸಬೇಕೆಂದು ನನ್ನ ಆಸೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಚ್ ಲಿನಕ್ಸ್‌ಬಯೋಸ್ ಎಂದು ಶುರುಮಾಡಿದ ಈ ಮುಕ್ತ ಫರ್ಮ್‌ವೇರ್‌ಗೆ (ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಪ್ರೋಗ್ರಾಮ್) ಈಗಿನ ಹೆಸರು ಬಂದದ್ದು 2008ರಲ್ಲಿ.

ಸ್ವಿಚ್ ಒತ್ತಿದಾಗ ಪ್ರೊಸೆಸರ್ ಮೊದಲ ಆದೇಶ ಹುಡುಕುವುದು ವಿಳಾಸಗಳ ಸಾಲಿನ 4 ಜಿಬಿ ಗಡಿಗೆ 16 ಬೈಟ್ ಕೆಳಗಿನ ವಿಳಾಸದಲ್ಲಿ. ಅಲ್ಲಿರುವುದು ಫರ್ಮ್‌ವೇರ್ ಹೊತ್ತ, ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್. ಆಗ ರ‍್ಯಾಮ್ ಇನ್ನೂ ಎದ್ದಿರುವುದಿಲ್ಲ. ಅದಕ್ಕೆ ಹೋಗುವ ಪ್ರತಿ ತಂತಿಯಲ್ಲೂ ಸಂಕೇತ ಬರುವ ಹೊತ್ತಿನಲ್ಲಿ ನ್ಯಾನೋಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಇರುತ್ತದೆ. ಫರ್ಮ್‌ವೇರ್ ಅದನ್ನು ಅಳೆದು ಹೊಂದಿಸಿದ ಮೇಲಷ್ಟೇ ರ‍್ಯಾಮ್ ಬಳಕೆಗೆ ಸಿಗುವುದು. ಹಾಗಾದರೆ ಅಳೆಯುವ ಪ್ರೋಗ್ರಾಮ್ ತನ್ನ ಲೆಕ್ಕವನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಪ್ರೊಸೆಸರಿನೊಳಗಿನ ಕ್ಯಾಶ್ ಎಂಬ ಪುಟ್ಟ ಮೆಮೊರಿಯಲ್ಲಿ. ಅಡುಗೆಮನೆ ಮುಗಿಯುವವರೆಗೆ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿದ ಹಾಗೆ. ಇಷ್ಟು ಸೊಗಸಾದ ಉಪಾಯ ಕಂಪ್ಯೂಟರ್ ಲೋಕದಲ್ಲಿ ಕಡಿಮೆ ಎಂದೇ ನನ್ನ ಭಾವನೆ.

ಈ ಕಷ್ಟದ ಕೆಲಸವನ್ನು ನನ್ನ ಬೋರ್ಡಿನ ಚಿಪ್‌ಸೆಟ್‌ಗೆ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಕೋರ್‌ಬೂಟ್‌ನಲ್ಲಿ ಯಾರೋ ಆಗಲೇ ಬರೆದಿಟ್ಟಿದ್ದರು. ಉಳಿದದ್ದು ಬೋರ್ಡಿನ ಸ್ವಂತ ಗುಟ್ಟುಗಳು: ಯಾವ ಪಿನ್ ಯಾವುದಕ್ಕೆ ಹೋಗುತ್ತದೆ, ಯಾವ ಯುಎಸ್‌ಬಿಗೆ ತಂತಿ ಇದೆ, ಆಡಿಯೋ ಜ್ಯಾಕ್ ಎಲ್ಲಿ. ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಬಿಡುವಾಗ ಯಾವ ವಾಲ್ವ್ ಯಾವ ಬ್ಲಾಕಿಗೆ ಎಂಬುದು ತೋಟದ ಲೆಕ್ಕ ಬರೆಯುವ ಹಳೇ ರೈಟರಿಗೆ ಮಾತ್ರ ಗೊತ್ತಿರುತ್ತದೆ. ಅವರು ಕೆಲಸ ಬಿಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಹಳೇ ಬಯೋಸೇ ಆ ರೈಟರ್. ಅದು ಓಡುತ್ತಿರುವಾಗಲೇ ಇಂಟೆಲ್‌ಟೂಲ್, ಸೂಪರ್‌ಐಓಟೂಲ್ ಎಂಬ ಪ್ರೋಗ್ರಾಮುಗಳನ್ನು ಹಚ್ಚಿ ಪಿನ್ನುಗಳ ಸ್ಥಿತಿಯನ್ನೆಲ್ಲ ಉಳಿಸಿಕೊಂಡೆ.

ಪುಣ್ಯಕ್ಕೆ ಫ್ಲ್ಯಾಶ್ ಚಿಪ್ ಸಾಕೆಟ್ಟಿನಲ್ಲಿತ್ತು. ಮೆಲ್ಲಗೆ ಎಬ್ಬಿಸಿ ಚಿಪ್ ಓದಿ ಬರೆಯುವ ಪ್ರೋಗ್ರಾಮರ್ ಸಾಧನಕ್ಕೆ ಹಾಕಿ, ಫ್ಲ್ಯಾಶ್‌ರಾಮ್ ಎಂಬ ಪ್ರೋಗ್ರಾಮಿನಿಂದ ಎರಡು ಸಲ ಓದಿಸಿದೆ. ಎರಡೂ ಪ್ರತಿ ಹೊಂದಲಿಲ್ಲ! ಕಾಲುಗಳು ತೇವಕ್ಕೆ ಮಸುಕಾಗಿದ್ದವು. ರಬ್ಬರಿನಿಂದ ಉಜ್ಜಿದೆ, ಆಮೇಲೆ ಬೈಟಿಗೆ ಬೈಟ್ ಕೂಡಿಬಂತು. ಹಳೇ ಚಿಪ್ ಡಬ್ಬಿಯಲ್ಲಿ ಭದ್ರ, ಕೋರ್‌ಬೂಟ್ ಬರೆದದ್ದೆಲ್ಲ ಹೊಸ ಚಿಪ್ಪಿಗೆ.

ಹೊಸ ಚಿಪ್ ಬೋರ್ಡಿಗೆ ಹಾಕಿ ಸ್ವಿಚ್ ಒತ್ತಿದೆ. ಪರದೆ ಕಪ್ಪಾಗಿತ್ತು, ಆದರೆ ಫರ್ಮ್‌ವೇರ್ ಹೇಳುವುದನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ಯುವ ಸೀರಿಯಲ್ ಕೇಬಲ್ಲಿನಲ್ಲಿ ಸಾಲು ಸಾಲಾಗಿ ಅಕ್ಷರ ಇಳಿಯತೊಡಗಿತು. ರ‍್ಯಾಮ್ ಹುಡುಕಿತು: 2 ಜಿಬಿ. ಇದ್ದದ್ದು 4! ಪ್ರತಿ ಸ್ಟಿಕ್ಕಿನ ಮೇಲೂ ತನ್ನ ವಿವರ ಹೇಳುವ ಒಂದು ಚಿಕ್ಕ ಚಿಪ್ ಇರುತ್ತದೆ. ಎರಡನೆಯ ಸ್ಟಿಕ್ಕಿನ ಆ ಚಿಪ್ಪಿನ ವಿಳಾಸವನ್ನು ಇನ್ನೊಂದು ಬೋರ್ಡಿನ ಕೋಡಿನಿಂದ ಹಾಗೇ ನಕಲು ಮಾಡಿದ್ದೆ, ಹೆಕ್ಸ್ (ಹದಿನಾರರ ಎಣಿಕೆ) 51. ಹಳೇ ಚಿಪ್ ವಾಪಸ್ ಹಾಕಿ, ಲಿನಕ್ಸಿನಿಂದ ಆ ಚಿಕ್ಕ ಚಿಪ್ಪುಗಳಿಗೆ ಹೋಗುವ ತಂತಿಯನ್ನು ಕೇಳಿದರೆ ಉತ್ತರ ಬಂದದ್ದು 52ರಲ್ಲಿ. ಒಂದು ಅಂಕಿ ತಿದ್ದಿ ಮತ್ತೆ ಬರೆದಾಗ ರಾತ್ರಿ ಹನ್ನೊಂದು ದಾಟಿತ್ತು. 4 ಜಿಬಿ ಎಂದು ಸಾಲು ಇಳಿಯಿತು.