ರಕ್ತದಲ್ಲಿ ತೇಲಿಬರುವ ತೊಲೆಯ ಚೂರುಗಳು

ಶ್ವಾಸಕೋಶದ ಕ್ಯಾನ್ಸರ್ ಇರುವವರ ರಕ್ತಪರೀಕ್ಷೆಯ ವರದಿಯಲ್ಲಿ ‘ಸಿಇಎ’ ಎಂಬ ಪ್ರೋಟೀನಿನ ಎದುರಿನ ಅಂಕಿ ತುಸು ಏರಿತೋ, ಮನೆಮಂದಿಗೆಲ್ಲ ನಿದ್ದೆಯಿಲ್ಲ. ಇಳಿಯಿತೋ, ಕ್ಯಾನ್ಸರ್ ಸೋತೇ ಹೋಯಿತೆಂಬ ಹಿಗ್ಗು. ಕಣಿ ಕೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಈ ಪ್ರೋಟೀನನ್ನು ಕಂಡದ್ದು ಶ್ವಾಸಕೋಶದಲ್ಲಲ್ಲ, ದೊಡ್ಡ ಕರುಳಿನ ಗೆಡ್ಡೆಯಲ್ಲಿ. ಭ್ರೂಣದ ಕರುಳಿನಲ್ಲೂ ಅದಿತ್ತು. ಕ್ಯಾನ್ಸರ್ ಇಲ್ಲದ ಧೂಮಪಾನಿಗಳ ರಕ್ತದಲ್ಲೂ ಅದು ಏರಿರುವುದುಂಟು. ಶ್ವಾಸಕೋಶದ ಕ್ಯಾನ್ಸರನ್ನು ಪತ್ತೆಹಚ್ಚಬೇಕಾದ ಸಾಕ್ಷಿಗೆ ಇದಕ್ಕಿಂತ ಕೆಟ್ಟ ದುರ್ಗುಣ ಬೇಕೆ?

ಇಂಥ ರಕ್ತಸಾಕ್ಷಿಗಳಲ್ಲಿ ನನಗೆ ಅಚ್ಚುಮೆಚ್ಚಿನದು ಸೈಫ್ರಾ 21-1 ಎಂಬ ಪ್ರೋಟೀನ್ ಚೂರು. ಶ್ವಾಸನಾಳದ ಒಳಪದರದ ಜೀವಕೋಶಗಳೆಂದರೆ ನೀರು ತುಂಬಿದ ಚೀಲಗಳಲ್ಲ. ಡೇರೆಯನ್ನು ಬಿಗಿದ ಹಗ್ಗಗಳಂತೆ, ಸೂರು ಹೊತ್ತ ತೊಲೆಗಳಂತೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು ಅವನ್ನು ಒಳಗಿನಿಂದ ಹಿಡಿದು ನಿಲ್ಲಿಸಿವೆ. ಇಡೀ ಎಳೆ ಕರಗುವುದಿಲ್ಲ. ಕೋಶ ಸಾಯುವಾಗ ಕ್ಯಾಸ್ಪೇಸ್ ಎಂಬ ಕಿಣ್ವಗಳು, ಹಳೆಮನೆ ಕೆಡವುವವರು ತೊಲೆಗೆ ಗರಗಸ ಹಾಕುವಂತೆ, ಅದನ್ನು ಕತ್ತರಿಸುತ್ತವೆ. ಸೈಟೋಕೆರಾಟಿನ್ 19 ಎಂಬ ಬಗೆಯ ಕೆರಾಟಿನ್‌ನ ಆ ತುಂಡು ಕರಗಿ ರಕ್ತಕ್ಕಿಳಿಯುತ್ತದೆ. ಪ್ರಯೋಗಾಲಯದಲ್ಲಿ ಆ ರಕ್ತಕ್ಕೆ ಬೆರೆಸಿದ ಎರಡು ಪ್ರತಿಕಾಯಗಳು (ಗೊತ್ತಾದ ಗುರಿಗೆ ಮಾತ್ರ ಅಂಟುವ ಪ್ರೋಟೀನುಗಳು) ಅದನ್ನು ಇಕ್ಕಳದ ಎರಡು ಬಾಯಿಗಳಂತೆ ಕಚ್ಚಿ ಹಿಡಿಯುತ್ತವೆ; ಹೆಸರಿನ ಬಾಲದ 21 ಮತ್ತು 1 ಬಂದದ್ದು ಆ ಪ್ರತಿಕಾಯಗಳ ಗುರುತುಸಂಖ್ಯೆಗಳಿಂದ. (1975ರಲ್ಲಿ ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರದಿದ್ದರೆ ಇದು ಯಾವುದೂ ಇಲ್ಲ.) ಬೀದಿಯಲ್ಲಿ ಸಾಗುವ ತೊಲೆಯ ಚೂರುಗಳನ್ನು ಎಣಿಸಿ, ಒಳಗೇರಿಯಲ್ಲಿ ಎಷ್ಟು ಮನೆಗಳು ಏಳುತ್ತ ಬೀಳುತ್ತ ಇವೆಯೆಂದು ಅಂದಾಜಿಸುವ ಕೆಲಸ ಇದು. ರೋಗ ಪತ್ತೆಯಾದಾಗಲೇ ಚೂರುಗಳು ಹೆಚ್ಚಿದ್ದ ರೋಗಿಗಳ ಗುಂಪು ಸರಾಸರಿಯಲ್ಲಿ ಕಡಿಮೆ ಕಾಲ ಬದುಕುತ್ತದೆ. ಗುಂಪು ಎಂದೆ, ವ್ಯಕ್ತಿ ಎನ್ನಲಿಲ್ಲ. ಮೂತ್ರಪಿಂಡ ಸೋತವರಲ್ಲಿ ಚೂರುಗಳನ್ನು ಸಾಗಿಸುವ ಗಾಡಿಯೇ ನಿಂತಿರುವುದರಿಂದ ಗೆಡ್ಡೆಯಿಲ್ಲದೆಯೂ ಅಂಕಿ ಏರುತ್ತದೆ.

ಶ್ವಾಸಕೋಶದ ಕ್ಯಾನ್ಸರ್‌ನ ಒಂದು ಬಗೆಯಾದ ಸಣ್ಣ ಕೋಶದ ಕ್ಯಾನ್ಸರ್‌ನಲ್ಲಿ ನೋಡುವ ಎನ್‌ಎಸ್‌ಇ ಎಂಬ ಕಿಣ್ವ ಇನ್ನೂ ಮುಂಗೋಪಿ. ಕೆಂಪು ರಕ್ತಕಣಗಳ ಹೊಟ್ಟೆಯಲ್ಲೂ ಆ ಕಿಣ್ವವಿದೆ. ಸಿರಿಂಜನ್ನು ರಭಸದಿಂದ ಎಳೆದರೆ, ನಳಿಕೆಯನ್ನು ಜೋರಾಗಿ ಕುಲುಕಿದರೆ ಕಣಗಳು ಒಡೆಯುತ್ತವೆ. ಗಿರಗಿರನೆ ತಿರುಗಿಸಿ ತೆಗೆದ ನಳಿಕೆಯ ಮೇಲುಭಾಗದಲ್ಲಿ ಒಣಹುಲ್ಲಿನ ಬಣ್ಣದ ಸೀರಂ ನಿಲ್ಲಬೇಕು. ಅದು ನಸುಗೆಂಪಾಗಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ, ಮತ್ತೆ ರಕ್ತ ತೆಗೆಯಬೇಕು.

ಹೆಚ್ಚಿನವರು ಎಡವುವುದು ಬೇರೆಡೆ. ಮಳೆ ಜೋರಾಗಿ ಬರಲಿದೆ ಎನ್ನುವುದು ಒಂದು ಮಾತು. ಈ ಕೊಡೆ ಆ ಮಳೆಯನ್ನು ತಡೆಯುತ್ತದೆ ಎನ್ನುವುದು ಇನ್ನೊಂದು. ರೋಗದ ಗತಿ ಹೇಳುವ ಪ್ರೋಟೀನ್ ಔಷಧದ ಫಲವನ್ನೂ ಹೇಳಬೇಕೆಂದಿಲ್ಲ. ಇಆರ್‌ಸಿಸಿ1 ಎಂಬ ಪ್ರೋಟೀನ್ ಹಾನಿಗೊಂಡ ಡಿಎನ್‌ಎಯನ್ನು ರಿಪೇರಿ ಮಾಡುವ ತಂಡಕ್ಕೆ ಸೇರಿದ್ದು. ಸಿಸ್‌ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ ಕ್ಯಾನ್ಸರ್ ಕೋಶವನ್ನು ಕೊಲ್ಲುವುದೇ ಡಿಎನ್‌ಎ ಕೆಡಿಸಿ. ಶಸ್ತ್ರಚಿಕಿತ್ಸೆಯಾದ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಮೋಥೆರಪಿ ಪಡೆಯದವರ ಪೈಕಿ ಗೆಡ್ಡೆಯಲ್ಲಿ ಇಆರ್‌ಸಿಸಿ1 ಇದ್ದವರೇ ಹೆಚ್ಚು ಕಾಲ ಬದುಕಿದ್ದರು. ಸಿಸ್‌ಪ್ಲಾಟಿನ್‌ನಿಂದ ಲಾಭವಾದದ್ದು ಅದಿಲ್ಲದವರಿಗೆ. ಒಂದೇ ಪ್ರೋಟೀನ್, ಎರಡು ತದ್ವಿರುದ್ಧ ಮಾತು! ನಾನಂತೂ ಓದಿ ಕುಣಿದಾಡಿದ್ದೆ.

2013ರಲ್ಲಿ ಅದೇ ಬಳಗ ಇನ್ನೆರಡು ಅಧ್ಯಯನಗಳ ಗೆಡ್ಡೆಯ ಮಾದರಿಗಳಲ್ಲಿ ಇದನ್ನು ಒರೆಗೆ ಹಚ್ಚಿತು. ಕೈಕೊಟ್ಟಿತು. ಇಆರ್‌ಸಿಸಿ1ಗೆ ನಾಲ್ಕು ರೂಪಗಳಿವೆ, ರಿಪೇರಿ ಮಾಡಬಲ್ಲದ್ದು ಒಂದೇ; ಪರೀಕ್ಷಿಸಿದ 16 ಪ್ರತಿಕಾಯಗಳಲ್ಲಿ ಯಾವುದಕ್ಕೂ ಆ ಒಂದನ್ನು ಬೇರ್ಪಡಿಸಿ ಗುರುತಿಸಲು ಆಗಲಿಲ್ಲ. ಗೆಡ್ಡೆಯ ಮಾದರಿಗಳನ್ನಿಟ್ಟ 2006ರ ಹಳೆಯ ಗಾಜುಪಟ್ಟಿಗಳ ಸರದಿ ಬಂತು. ಅಂದು ಬಳಸಿದ್ದ ಅದೇ ಪ್ರತಿಕಾಯದ ಹೊಸ ಕಂತಿನಿಂದ ಮತ್ತೆ ಬಣ್ಣ ಹಚ್ಚಿದಾಗ, ಮೊದಲಿನ ಫಲಿತಾಂಶ ಅವುಗಳಲ್ಲೂ ಮರುಕಳಿಸಲಿಲ್ಲ.