ಕೇಳಿಸದಿದ್ದರೆ ಖಾಲಿ ಬಿಡಿ

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಬೆಂಗಳೂರಿನಲ್ಲಿ ತುಂಬಾ ಜನ ಯುವಕ ಯುವತಿಯರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕೆಲಸ ಮಾಡುತ್ತಿದ್ದರು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ, ವಿವರವನ್ನು ರೆಕಾರ್ಡರಿಗೆ ಹೇಳುತ್ತಿದ್ದರು. ಅಲ್ಲಿ ರಾತ್ರಿಯಾಗುವಾಗ ಇಲ್ಲಿ ಬೆಳಗು. ಆ ದನಿ ಕೇಳಿ ಟೈಪ್ ಮಾಡುವ ಇವರ ಕಿವಿಯಲ್ಲಿ ಹೆಡ್‌ಫೋನ್, ಕಾಲಡಿ ಒಂದು ಪೆಡಲ್. ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ಕೆಲಸಕ್ಕೆ ಒಂದು ಗಟ್ಟಿ ನಿಯಮವಿತ್ತು. ಔಷಧಿಯ ಹೆಸರು ಎಷ್ಟು ಸಲ ಕೇಳಿದರೂ ಸ್ಪಷ್ಟವಾಗದಿದ್ದರೆ ಊಹಿಸಬಾರದು, ಜಾಗ ಖಾಲಿ ಬಿಡಬೇಕು. ಡಾಕ್ಟರೇ ನೋಡಿ ತುಂಬುತ್ತಾರೆ.

ಈಗ ಅಮೆರಿಕದಲ್ಲಿ ಆ ಕೆಲಸ ಸಾಫ್ಟ್‌ವೇರಿನ ಪಾಲಾಗುತ್ತಿದೆ. ಡಾಕ್ಟರು ಬೇರೆಯಾಗಿ ಹೇಳಿ ಬರೆಸುವುದೂ ಬೇಡ. ಮೇಜಿನ ಮೇಲಿನ ಫೋನೇ ಇಬ್ಬರ ಮಾತನ್ನೂ ಕೇಳಿಸಿಕೊಂಡು ಟಿಪ್ಪಣಿ ಬರೆಯುತ್ತದೆ. ಇದು ಬೇಕಾಗಿದ್ದ ಸಹಾಯವೇ. ಡಾಕ್ಟರು ರೋಗಿಯ ಎದುರು ಕೂತ ಒಂದೊಂದು ಗಂಟೆಗೂ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆ, ಕಾಗದಪತ್ರಕ್ಕೆ ಹೋಗುತ್ತದೆ ಎಂದು ಅಲ್ಲಿನ 2016ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಡಾಕ್ಟರು ಪರದೆ ಬಿಟ್ಟು ನಮ್ಮ ಮುಖ ನೋಡಿ ಮಾತಾಡಿದರೆ ಅರ್ಧ ಕಾಯಿಲೆ ವಾಸಿಯಾದ ಹಾಗೆ ಅನಿಸುತ್ತದೆ, ಅಲ್ವಾ?

ಆದರೆ ಯಂತ್ರಕ್ಕೆ ಖಾಲಿ ಬಿಡುವುದು ಸುಲಭವಾಗಿ ಬರುವುದಿಲ್ಲ.

ಓಪನ್‌ಎಐ ಕಂಪನಿ 2022ರಲ್ಲಿ ಹೊರತಂದ, ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ಸಾಫ್ಟ್‌ವೇರನ್ನೇ ನೋಡಿ. 6,80,000 ಗಂಟೆಗಳ ಧ್ವನಿ ಕೇಳಿಸಿ ಅದನ್ನು ತಯಾರು ಮಾಡಿದ್ದಾರೆ. ಅದು ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ಕೇಳಿದ ಸದ್ದು, ಈಗಾಗಲೇ ಬರೆದ ಪದಗಳು, ಎರಡನ್ನೂ ನೋಡಿ ಮುಂದಿನ ಪದ ಯಾವುದಿರಬಹುದು ಎಂದು ಅಂದಾಜು ಮಾಡುತ್ತದೆ. ಸದ್ದು ಸ್ಪಷ್ಟವಾಗಿದ್ದರೆ ಅಂದಾಜು ಚೆನ್ನಾಗಿರುತ್ತದೆ. ಮಾತು ನಿಂತು ಬರೀ ಮೌನ ಉಳಿದಾಗ ಹಿಡಿದುಕೊಳ್ಳಲು ಸದ್ದೇ ಇರುವುದಿಲ್ಲ. ಆಗ ಒಮ್ಮೊಮ್ಮೆ ಯಾರೂ ಆಡದ ಇಡೀ ವಾಕ್ಯವೇ ಬಂದು ಕೂರುತ್ತದೆ. ವ್ಯಾಕರಣ ಸರಿ, ಧಾಟಿ ಸರಿ. ಹಾಗಾಗಿ ಕಣ್ಣಿಗೆ ಬೀಳುವುದೇ ಇಲ್ಲ.

2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಪರೀಕ್ಷಿಸಿತು. ನೂರರಲ್ಲಿ ಸುಮಾರು ಒಂದು ತುಣುಕಿನಲ್ಲಿ ಇಂಥ ಕಲ್ಪನೆ ಸಿಕ್ಕಿತು. ಅವುಗಳಲ್ಲಿ ಶೇ. 38ರಷ್ಟು ಹಾನಿಕರ ಅನ್ನುವಂಥವು. ಒಂದರಲ್ಲಂತೂ 'ಹೈಪರ್‌ಆಕ್ಟಿವೇಟೆಡ್ ಆಂಟಿಬಯಾಟಿಕ್ಸ್' ಎಂಬ, ಲೋಕದಲ್ಲೇ ಇಲ್ಲದ ಔಷಧಿ ಹುಟ್ಟಿಕೊಂಡಿತ್ತು. ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ವಿಷಯ. ಅಫೇಸಿಯಾ ಇರುವವರ ಮಾತಿನಲ್ಲಿ ಈ ತಪ್ಪು ಹೆಚ್ಚು. ಲಕ್ವ ಹೊಡೆದು ಪದಗಳು ನಾಲಿಗೆಗೆ ಬಾರದೆ, ತಡವರಿಸಿ, ನಿಲ್ಲಿಸಿ ನಿಲ್ಲಿಸಿ ಮಾತಾಡುವವರು ಅವರು. ಕಷ್ಟಪಟ್ಟು ಒಂದು ಮಾತು ಹೊರಡಿಸುವವರ ಬಾಯಿಗೇ ಯಂತ್ರ ತನ್ನ ಮಾತು ತುರುಕುತ್ತದೆ.

ಟಿಪ್ಪಣಿಯ ಕೆಳಗೆ ಸಹಿ ಹಾಕುವ ಮೊದಲು ಡಾಕ್ಟರು ಓದಬೇಕು, ನಿಜ. ಆದರೆ ಅನುಮಾನ ಬಂದರೆ ಯಾವುದಕ್ಕೆ ಹೋಲಿಸುವುದು? ರೋಗಿಯ ಗುಟ್ಟು ಕಾಪಾಡಲೆಂದು ಕೆಲವು ಸಾಫ್ಟ್‌ವೇರ್‌ಗಳು ಮೂಲ ಧ್ವನಿಯನ್ನು ಅಳಿಸಿಬಿಡುತ್ತವೆ. ಕಾರಣ ಒಳ್ಳೆಯದೇ. ಆದರೂ ಡಾಕ್ಟರು ಸಹಿ ಹಾಕುವ ತನಕವಾದರೂ ಅದು ಉಳಿಯಬೇಕು. ಇಲ್ಲದಿದ್ದರೆ ಪೆಡಲ್ ಒತ್ತಿ ಇನ್ನೊಮ್ಮೆ ಕೇಳೋಣವೆಂದರೂ ದನಿಯೇ ಇರುವುದಿಲ್ಲ.