ಒಂದೇ ಕೈಯ ಗವರ್ನರ್: ಮಿನ್ನೆಸೋಟದಲ್ಲಿ ಜಾನ್ ಲಿಂಡ್ ಗೆದ್ದ ಬಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸ್ವೀಡನ್‌ನಿಂದ ಬಂದವರು ಜಾಸ್ತಿ ಇದ್ದರು. ಹಾಗಾಗಿ ಸ್ವೀಡನ್‌ನಲ್ಲಿ ಹುಟ್ಟಿದ ಜಾನ್ ಲಿಂಡ್ ಅಲ್ಲಿ ಗವರ್ನರ್ ಆದ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಸುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಒಂದು ತೊಡಕಿದೆ. ಆ ಕಾಲದ ಸ್ವೀಡಿಷ್ ಮತದಾರರು ಬಹುಪಾಲು ರಿಪಬ್ಲಿಕನ್ ಪಕ್ಷದವರು. ಲಿಂಡ್ 1898ರಲ್ಲಿ ಗೆದ್ದದ್ದು ಅದೇ ಪಕ್ಷವನ್ನು ಸೋಲಿಸಿ. ಅದೂ ಸುಮಾರು 40 ವರ್ಷ ಆ ಪಕ್ಷದವರು ಬಿಟ್ಟು ಬೇರೆ ಯಾರೂ ಕೂರದಿದ್ದ ಕುರ್ಚಿಯನ್ನು.

ನಮ್ಮಲ್ಲಿ ರಾಜ್ಯಪಾಲರನ್ನು ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಹಾಗಲ್ಲ, ಜನರಿಂದ ನೇರವಾಗಿ ಆರಿಸಿ ಬಂದು ರಾಜ್ಯದ ಆಡಳಿತ ನಡೆಸುವವನು. ಬೇರೆ ದೇಶದವರಾಗಿ ಹುಟ್ಟಿ ಆಮೇಲೆ ಪ್ರಜೆಯಾದವರು ಅಮೆರಿಕದ ಅಧ್ಯಕ್ಷರಾಗುವಂತಿಲ್ಲ. ಗವರ್ನರ್ ಹುದ್ದೆಗೆ ಆ ಅಡ್ಡಿ ಇಲ್ಲ.

ಲಿಂಡ್ ಹುಟ್ಟಿದ್ದು 1854ರ ಮಾರ್ಚ್ 25ರಂದು, ಸ್ವೀಡನ್‌ನ ಸ್ಮೋಲಂಡ್ ಪ್ರಾಂತ್ಯದ ಕೊನ್ನಾ ಎಂಬ ಊರಲ್ಲಿ. ಸ್ಮೋಲಂಡ್ ಅಂದರೆ ಕಲ್ಲು ನೆಲ. ಬಿತ್ತುವ ಮೊದಲು ಕಲ್ಲು ಆರಿಸಿ ಗೋಡೆ ಕಟ್ಟಬೇಕು, ಉಳಿದದ್ದರಲ್ಲಿ ಉಳಬೇಕು. 1867ರಲ್ಲಿ ವಿಪರೀತ ಚಳಿ ಮತ್ತು ಮಳೆ, ಮರುವರ್ಷ ಬರ. ಬೆಳೆ ಕೈಕೊಟ್ಟಿತು. ಹೊಟ್ಟೆಗಿಲ್ಲದ ಜನ ಹಡಗು ಹತ್ತಿದರು. 1868ರಲ್ಲಿ ಲಿಂಡ್ ಕುಟುಂಬವೂ ಅಮೆರಿಕಕ್ಕೆ ಬಂದು ಮಿನ್ನೆಸೋಟದ ಗುಡ್‌ಹ್ಯೂ ಕೌಂಟಿಯಲ್ಲಿ ನೆಲೆಸಿತು.

ಆಗ ಮಿನ್ನೆಸೋಟಕ್ಕೂ ಜನ ಬೇಕಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ, ಐದು ವರ್ಷ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. ವಲಸಿಗರನ್ನು ಕರೆತರಲು ರಾಜ್ಯ ಒಂದು ಮಂಡಳಿಯನ್ನೇ ಮಾಡಿಕೊಂಡಿತ್ತು. ಅದರ ಮುಖ್ಯ ಆಳು ಹಾನ್ಸ್ ಮಾಟ್ಸನ್. ಈತನೂ ಸ್ವೀಡನ್‌ನವನೇ. ಗುಡ್‌ಹ್ಯೂ ಕೌಂಟಿಯ ವಾಸಾ ಎಂಬ ಸ್ವೀಡಿಷ್ ಊರನ್ನು ಕಟ್ಟಿದವನು, ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವನು. ಸ್ವೀಡನ್‌ಗೆ ಹೋಗಿ ಜನರನ್ನು ಒಪ್ಪಿಸಿ ಕರೆತರುತ್ತಿದ್ದ. ಮುಂದೆ 1881ರಿಂದ 1883ರವರೆಗೆ ಇದೇ ಮಾಟ್ಸನ್ ಕಲ್ಕತ್ತದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದ! ಸ್ಮೋಲಂಡ್‌ನವರ ವಲಸೆಯ ಕಥೆ ಓದುತ್ತಾ ಹೋದರೆ ಹೀಗೆ ಇದ್ದಕ್ಕಿದ್ದಂತೆ ಹೂಗ್ಲಿ ದಂಡೆ ಎದುರಾಗುತ್ತದೆ.

ಆ ಭೂಮಿ ಖಾಲಿ ಇತ್ತೇ? ಇರಲಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ನೆಲ. 1851ರ ಒಪ್ಪಂದಗಳಲ್ಲಿ ಅದರ ಬಹುಭಾಗ ಅವರ ಕೈತಪ್ಪಿತು. ಒಪ್ಪಿಕೊಂಡ ಹಣ ಸರಿಯಾಗಿ ಕೈಸೇರಲಿಲ್ಲ. ಹಸಿವು, ಸಿಟ್ಟು ಸೇರಿ 1862ರಲ್ಲಿ ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಉಳಿದವರನ್ನು ರಾಜ್ಯದಿಂದಲೇ ಅಟ್ಟಿದರು. ಲಿಂಡ್ ಬಂದಿಳಿದದ್ದು ಇದಾಗಿ ಐದಾರು ವರ್ಷಕ್ಕೆ. ವಲಸಿಗರ ಸಾಹಸವನ್ನು ಕೊಂಡಾಡುವ ಬರಹಗಳಲ್ಲಿ ಈ ಭಾಗ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಜನ ಬಂದರೆ ಸಾಲದು, ಉಳಿಯಬೇಕಲ್ಲ. ಅದಕ್ಕೆ ರಾಜ್ಯ ಮತದ ಹಕ್ಕನ್ನೂ ಸಲೀಸಾಗಿ ಕೊಟ್ಟಿತು. ಮಿನ್ನೆಸೋಟದಲ್ಲಿ ಮತ ಹಾಕಲು ಬಿಳಿಯ ವಲಸಿಗ ಗಂಡಸು ಪೂರ್ತಿ ಪ್ರಜೆಯಾಗಿರಬೇಕಿರಲಿಲ್ಲ. ಪ್ರಜೆಯಾಗುವ ಇರಾದೆ ಇದೆ ಎಂದು ಬರೆದುಕೊಟ್ಟು, ನಿಗದಿತ ಕಾಲ ಅಲ್ಲಿ ವಾಸವಿದ್ದರೆ ಸಾಕಿತ್ತು. 1896ರ ತಿದ್ದುಪಡಿಯವರೆಗೂ ಇದು ನಡೆಯಿತು. ಸ್ವೀಡನ್, ನಾರ್ವೆಯವರು ಬೇಗ ರಾಜಕೀಯಕ್ಕಿಳಿಯಲು ಇದು ದೊಡ್ಡ ಕಾರಣ. ನಾರ್ವೆಯಲ್ಲಿ ಹುಟ್ಟಿದ ಕ್ನೂಟ್ ನೆಲ್ಸನ್ 1893ರಲ್ಲೇ ಗವರ್ನರ್ ಆದ. ಆತ ರಿಪಬ್ಲಿಕನ್. ಲಿಂಕನ್ ಪಕ್ಷ, ಜಮೀನು ಕೊಟ್ಟ ಪಕ್ಷ ಎಂಬ ನಂಬಿಕೆ ಸ್ಕ್ಯಾಂಡಿನೇವಿಯದವರಲ್ಲಿ ಆಳವಾಗಿತ್ತು.

ಇತ್ತ ಲಿಂಡ್ ಹುಡುಗನಾಗಿದ್ದಾಗಲೇ ಅಪಘಾತದಲ್ಲಿ ಎಡಗೈ ಕಳೆದುಕೊಂಡ. ಹೊಲದ ಕೆಲಸದಲ್ಲಿ ಅಂಥ ಹುಡುಗ ಹಿಂದೆ ಬೀಳುವುದು ಸಹಜ. ಆತ ಪುಸ್ತಕ ಹಿಡಿದ. ಸಿಬ್ಲಿ ಕೌಂಟಿಯಲ್ಲಿ ಮೇಷ್ಟ್ರಾದ. 1873ರಲ್ಲಿ ನ್ಯೂ ಅಲ್ಮ್ ಎಂಬ ಊರಿಗೆ ಹೋದ. ಸ್ವಲ್ಪ ಕಾಲ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿ, 1877ರಲ್ಲಿ ವಕೀಲಿಕೆ ಶುರು ಮಾಡಿದ. ಗಮನಿಸಿ, ನ್ಯೂ ಅಲ್ಮ್ ಸ್ವೀಡಿಷ್ ಊರಲ್ಲ. ಜರ್ಮನ್ನರು ಕಟ್ಟಿದ ಊರು. ಲಿಂಡ್ ವೃತ್ತಿ ಕಟ್ಟಿಕೊಂಡದ್ದು ತನ್ನವರಲ್ಲದವರ ನಡುವೆ. ಮುಂದೆ ಆತನಿಗೆ ದಕ್ಕಿದ ಗೆಲುವಿನಲ್ಲಿ ಈ ಸಂಗತಿಗೆ ದೊಡ್ಡ ಪಾಲಿದೆ ಎಂಬುದು ನನ್ನ ಎಣಿಕೆ.

1886ರಲ್ಲಿ ರಿಪಬ್ಲಿಕನ್ ಆಗಿ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ. ಸ್ವೀಡನ್‌ನಲ್ಲಿ ಹುಟ್ಟಿ ಅಲ್ಲಿಗೆ ಹೋದವರಲ್ಲಿ ಈತನೇ ಮೊದಲಿಗ. 1890ರಲ್ಲಿ ರೈತರ ಸಿಟ್ಟಿಗೆ ರಿಪಬ್ಲಿಕನ್ನರು ಕೊಚ್ಚಿಹೋದರು. ಮಿನ್ನೆಸೋಟದ ಐದು ಸ್ಥಾನಗಳಲ್ಲಿ ಉಳಿದುಕೊಂಡ ಒಬ್ಬನೇ ರಿಪಬ್ಲಿಕನ್ ಲಿಂಡ್. ಪಕ್ಷದ ಬಲದಿಂದಲ್ಲ, ಸ್ವಂತ ಹೆಸರಿನಿಂದ ಗೆಲ್ಲಬಲ್ಲ ಎಂಬುದು ಆಗಲೇ ಗೊತ್ತಾಯಿತು.

ಆ ಸಿಟ್ಟು ಯಾಕೆ ಅಂತ ಸ್ವಲ್ಪ ನೋಡೋಣ. ಗೋಧಿಯ ಬೆಲೆ ವರ್ಷ ವರ್ಷ ಇಳಿಯುತ್ತಿತ್ತು. ಸಾಲ ಮಾತ್ರ ಹಾಗೇ ಇತ್ತು. ಸಾಗಾಟದ ದರ ರೈಲು ಕಂಪನಿಗಳ ಕೈಲಿತ್ತು. ಚಲಾವಣೆಯ ಹಣ ಚಿನ್ನಕ್ಕೆ ಕಟ್ಟಿಹಾಕಿದ್ದರಿಂದ ಹಣದ ಕೊರತೆ. 16 ಭಾಗ ಬೆಳ್ಳಿಗೆ ಒಂದು ಭಾಗ ಚಿನ್ನದ ಲೆಕ್ಕದಲ್ಲಿ ಬೆಳ್ಳಿ ನಾಣ್ಯವನ್ನೂ ಧಾರಾಳವಾಗಿ ಹೊಡೆಯಿರಿ, ಬೆಲೆ ಏರುತ್ತದೆ, ಸಾಲದ ಭಾರ ಇಳಿಯುತ್ತದೆ ಎಂದು ರೈತರು ಕೇಳಿದರು. 1896ರಲ್ಲಿ ಡೆಮಾಕ್ರಾಟ್ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಇದನ್ನೇ ಹಿಡಿದು ಅಧ್ಯಕ್ಷ ಹುದ್ದೆಗೆ ನಿಂತ. ರಿಪಬ್ಲಿಕನ್ನರು ಚಿನ್ನದ ಕಡೆ. ಲಿಂಡ್ ಪಕ್ಷ ಬಿಟ್ಟ. ಆದರೆ ಡೆಮಾಕ್ರಾಟ್ ಆಗಿಯೂ ಪೂರ್ತಿ ಬೆರೆಯಲಿಲ್ಲ. ರಾಜಕೀಯದಲ್ಲಿ ತಾನೊಬ್ಬ ಅನಾಥ ಎಂದು ಹೇಳಿಕೊಳ್ಳುತ್ತಿದ್ದ.

ಡೆಮಾಕ್ರಾಟರು, ರೈತರ ಪಾಪ್ಯುಲಿಸ್ಟ್ ಪಕ್ಷ, ಬೆಳ್ಳಿ ಬೆಂಬಲಿಸುವ ರಿಪಬ್ಲಿಕನ್ನರು ಒಟ್ಟಾಗಿ 1896ರಲ್ಲಿ ಲಿಂಡ್‌ನನ್ನು ಗವರ್ನರ್ ಹುದ್ದೆಗೆ ನಿಲ್ಲಿಸಿದರು. ಮೂರೂವರೆ ಸಾವಿರದಷ್ಟು ಮತಗಳಿಂದ ಸೋತ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಒಂದೇ ಕೈಯಿದ್ದರೂ ಸೈನ್ಯ ಸೇರಿದ. 12ನೇ ಮಿನ್ನೆಸೋಟ ರೆಜಿಮೆಂಟಿನ ಉಗ್ರಾಣದ ಜವಾಬ್ದಾರಿ ಸಿಕ್ಕಿತು. ಆ ರೆಜಿಮೆಂಟ್ ಹೊರದೇಶಕ್ಕೆ ಹೋಗಲೇ ಇಲ್ಲ. ಆದರೂ ಸಮವಸ್ತ್ರದ ಅಭ್ಯರ್ಥಿಗೆ ಚುನಾವಣೆಯಲ್ಲಿ ಒಂದು ತೂಕ ಇದ್ದೇ ಇರುತ್ತದೆ, ಅಲ್ವಾ? ಎದುರಾಳಿ ಮಿನಿಯಾಪೊಲಿಸ್‌ನ ಮಾಜಿ ಮೇಯರ್ ವಿಲಿಯಂ ಯೂಸ್ಟಿಸ್. ಲಿಂಡ್ ಸುಮಾರು 20,000 ಮತಗಳ ಅಂತರದಿಂದ ಗೆದ್ದ.

ಸ್ವೀಡಿಷ್ ಮತಗಳು ಅಲುಗಿದ್ದು ನಿಜ. ಆದರೆ ಅಷ್ಟರಿಂದಲೇ ಗೆಲುವು ಬರುತ್ತಿರಲಿಲ್ಲ. ಸಾಲದಲ್ಲಿ ಮುಳುಗಿದ ರೈತ, ಹಳೇ ಡೆಮಾಕ್ರಾಟ್, ಪಕ್ಷದ ಮೇಲೆ ಬೇಸತ್ತ ರಿಪಬ್ಲಿಕನ್ ಎಲ್ಲರೂ ಸೇರಿದಾಗ ಬಂತು.

ಅಧಿಕಾರ ಸಿಕ್ಕಿತು, ಕೆಲಸ ಮಾಡಲು ಶಾಸನಸಭೆ ಬಿಡಲಿಲ್ಲ. ಅಲ್ಲಿ ರಿಪಬ್ಲಿಕನ್ನರದೇ ಬಹುಮತ. ರೈಲು ಕಂಪನಿಗಳ ತೆರಿಗೆ ಹೆಚ್ಚಿಸಬೇಕು, ತೆರಿಗೆ ಪದ್ಧತಿ ಸರಿಮಾಡಬೇಕು, ಸರ್ಕಾರಿ ಆಶ್ರಯ ಸಂಸ್ಥೆಗಳ ಆಡಳಿತ ಸುಧಾರಿಸಬೇಕು ಎಂದು ಲಿಂಡ್ ಕೇಳಿದ. ಆತನ ಕಾಲದಲ್ಲಿ ಆದದ್ದು ಕಡಿಮೆ. ನಂತರ ಬಂದವರು ಅದರಲ್ಲಿ ಎಷ್ಟನ್ನೋ ಜಾರಿಗೆ ತಂದು ಹೆಸರು ಪಡೆದರು. ಸ್ಪೇನ್‌ನಿಂದ ಕೈಗೆ ಬಂದ ಫಿಲಿಪ್ಪೀನ್ಸನ್ನು ಅಮೆರಿಕ ಇಟ್ಟುಕೊಳ್ಳುವುದನ್ನೂ ಆತ ವಿರೋಧಿಸಿದ. ಯುದ್ಧ ಗೆದ್ದ ಅಮಲಿನಲ್ಲಿದ್ದ ದೇಶದಲ್ಲಿ ಅದು ಜನಪ್ರಿಯ ಮಾತಲ್ಲ.

1900ರಲ್ಲಿ 2,254 ಮತಗಳಿಂದ ಸೋತ. ಸೋಲಿಗಿಂತ ಇಲ್ಲಿ ಗಮನಿಸಬೇಕಾದ್ದು ಬೇರೆ ಇದೆ. ಅದೇ ದಿನ ಅಧ್ಯಕ್ಷ ಹುದ್ದೆಗೆ ಬ್ರಯನ್‌ಗೆ ಮಿನ್ನೆಸೋಟದಲ್ಲಿ ಬಿದ್ದದ್ದು 1 ಲಕ್ಷ 13 ಸಾವಿರದಷ್ಟು ಮತ. ಲಿಂಡ್‌ಗೆ ಒಂದೂವರೆ ಲಕ್ಷ ದಾಟಿತ್ತು. ಸಾವಿರಾರು ಜನ ಮತಪತ್ರದಲ್ಲಿ ಮೇಲೆ ಅಧ್ಯಕ್ಷ ಹುದ್ದೆಗೆ ರಿಪಬ್ಲಿಕನ್ನರಿಗೆ ಹಾಕಿ ಕೆಳಗೆ ಲಿಂಡ್ ಹೆಸರಿಗೆ ಗುರುತು ಹಾಕಿದ್ದರು.

ಹುದ್ದೆ ಬಿಟ್ಟ ಮೇಲೆ ಮಾಡಿದ ಮೊದಲ ಕೆಲಸವೇನು ಗೊತ್ತಾ? ತನ್ನನ್ನು ಸತತವಾಗಿ ಹೀಗಳೆದಿದ್ದ ಸೇಂಟ್ ಪಾಲ್‌ನ ಪತ್ರಿಕೆಯೊಂದರ ಕಚೇರಿಗೆ ಹೋಗಿ ಸಂಪಾದಕನಿಗೆ ಗುದ್ದಿದ. ಗವರ್ನರ್ ಆಗಿದ್ದಷ್ಟು ದಿನ ತಡೆದುಕೊಂಡಿದ್ದ ಅನ್ನಿ. ಇದನ್ನು ಮೆಚ್ಚುವಂತಿಲ್ಲ, ಆದರೆ ಮಿನ್ನೆಸೋಟದವರು ಮರೆತೂ ಇಲ್ಲ.

1903ರಿಂದ ಎರಡು ವರ್ಷ ಡೆಮಾಕ್ರಾಟ್ ಆಗಿ ಮತ್ತೆ ಸಂಸತ್ತಿನಲ್ಲಿದ್ದ. 1913ರಲ್ಲಿ ಬ್ರಯನ್ ವಿದೇಶಾಂಗ ಮಂತ್ರಿಯಾಗಿದ್ದ. ಮೆಕ್ಸಿಕೊದಲ್ಲಿ ಅಧ್ಯಕ್ಷ ಮಡೆರೊನನ್ನು ಉರುಳಿಸಿ ಜನರಲ್ ವೆರ್ತಾ ಅಧಿಕಾರ ಹಿಡಿದಿದ್ದ. ಮಡೆರೊ ಕೊಲೆಯೂ ಆಗಿತ್ತು. ಅಮೆರಿಕದ ಅಧ್ಯಕ್ಷ ವಿಲ್ಸನ್ ಅಲ್ಲಿಗೆ ತನ್ನ ಖಾಸಗಿ ಪ್ರತಿನಿಧಿಯಾಗಿ ಕಳಿಸಿದ್ದು ಲಿಂಡ್‌ನನ್ನು. ಆತನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ರಾಯಭಾರದ ಅನುಭವವೂ ಇಲ್ಲ. ಯುದ್ಧ ನಿಲ್ಲಿಸಿ, ಚುನಾವಣೆ ನಡೆಸಿ, ವೆರ್ತಾ ಅದರಲ್ಲಿ ನಿಲ್ಲಬಾರದು ಎಂಬ ಷರತ್ತುಗಳನ್ನು ಮುಂದಿಟ್ಟ. ಮೆಕ್ಸಿಕೊ ಒಪ್ಪಲಿಲ್ಲ. ಬೇರೆ ದೇಶದವರು ಬಂದು ಹೀಗೆ ಹೇಳಿದರೆ ಯಾರು ತಾನೇ ಒಪ್ಪುತ್ತಾರೆ? ಲಿಂಡ್ ವೆರಾಕ್ರೂಸ್ ಬಂದರಿನಲ್ಲಿ ತಿಂಗಳುಗಟ್ಟಲೆ ಕೂತ. ಆತ ಊರಿಗೆ ಮರಳಿದ 1914ರ ಏಪ್ರಿಲ್‌ನಲ್ಲೇ ಅಮೆರಿಕದ ಸೈನ್ಯ ಆ ಬಂದರನ್ನು ಹಿಡಿಯಿತು. ಫಿಲಿಪ್ಪೀನ್ಸ್ ವಿಷಯದಲ್ಲಿ ಆಡಿದ ಮಾತಿಗೂ ಇದಕ್ಕೂ ಹೊಂದುವುದಿಲ್ಲ.

ಇಷ್ಟರಲ್ಲಿ ವಲಸಿಗ ಗವರ್ನರ್ ಎಂಬುದು ಮಿನ್ನೆಸೋಟಕ್ಕೆ ಹೊಸದಾಗಿ ಉಳಿದಿರಲಿಲ್ಲ. 1909ರಲ್ಲಿ ಸ್ವೀಡನ್‌ನ ವರ್ಮಲಂಡ್‌ನಲ್ಲಿ ಹುಟ್ಟಿದ ಅಡಾಲ್ಫ್ ಎಬರ್‌ಹಾರ್ಟ್ ಗವರ್ನರ್ ಆದ.

ಆದರೆ 1917ರಲ್ಲಿ ಗಾಳಿ ತಿರುಗಿತು. ಅಮೆರಿಕ ಮಹಾಯುದ್ಧಕ್ಕಿಳಿದಾಗ ರಾಜ್ಯ ಒಂದು ಸಾರ್ವಜನಿಕ ಸುರಕ್ಷತಾ ಆಯೋಗ ಮಾಡಿತು. ಅದಕ್ಕೆ ಸಿಕ್ಕ ಅಧಿಕಾರ ವಿಪರೀತ. ಯಾರು ದೇಶನಿಷ್ಠರು, ಯಾರು ಅಲ್ಲ ಎಂದು ತೂಗುವುದೇ ಅದರ ಕೆಲಸವಾಯಿತು. ಜರ್ಮನ್ನರ ಮೇಲೆ ಮೊದಲ ಕಣ್ಣು, ಸ್ವೀಡಿಷರ ಮೇಲೂ ಅನುಮಾನ. ಲಿಂಡ್ ಅದರ ಸದಸ್ಯನಾಗಿದ್ದ. ಮೊದಮೊದಲು ಅದರ ಜೊತೆ ಹೆಜ್ಜೆ ಹಾಕಿದ್ದೂ ಉಂಟು. ಆತ ವಕೀಲಿಕೆ ಶುರುಮಾಡಿದ ನ್ಯೂ ಅಲ್ಮ್‌ನಲ್ಲಿ, ಒತ್ತಾಯದ ಸೈನ್ಯ ಭರ್ತಿಯನ್ನು ಪ್ರಶ್ನಿಸುವ ಸಭೆ ನಡೆಯಿತು. ಅದಕ್ಕಾಗಿ ಊರಿನ ಮೇಯರ್‌ನನ್ನೂ ನಗರದ ವಕೀಲನನ್ನೂ ಅಮಾನತು ಮಾಡಿದರು. ಮಾಡಿದ ಗವರ್ನರ್ ಜೋಸೆಫ್ ಬರ್ನ್‌ಕ್ವಿಸ್ಟ್ ಕೂಡ ಸ್ವೀಡಿಷ್ ವಲಸಿಗರ ಮಗನೇ. ಆಯೋಗದ ಕಟು ಸದಸ್ಯ ಜಾನ್ ಮೆಕ್‌ಗೀ ಜೊತೆ ಲಿಂಡ್‌ಗೆ ಜಗಳವಾಯಿತು. ವರ್ಷ ತುಂಬುವ ಮೊದಲೇ ಹೊರಬಂದ. 1918ರಲ್ಲಿ ಅದೇ ಆಯೋಗ, ಪ್ರಜೆಗಳಲ್ಲದವರೆಲ್ಲ ಬಂದು ತಮ್ಮ ಆಸ್ತಿಯ ವಿವರ ಬರೆಸಬೇಕೆಂದು ಆದೇಶ ಮಾಡಿತು. ಬರೀ ಇರಾದೆ ಬರೆದುಕೊಟ್ಟರೆ ಮತ ಕೊಡುತ್ತಿದ್ದ ರಾಜ್ಯ ಅದು.

1930ರ ಸೆಪ್ಟೆಂಬರ್ 18ರಂದು ಮಿನಿಯಾಪೊಲಿಸ್‌ನಲ್ಲಿ ಲಿಂಡ್ ತೀರಿಕೊಂಡ. ಎರಡು ತಿಂಗಳೊಳಗೆ ಮಿನ್ನೆಸೋಟ ಮತ್ತೆ ರಿಪಬ್ಲಿಕನ್ ಅಲ್ಲದವನೊಬ್ಬನನ್ನು ಗವರ್ನರ್ ಮಾಡಿತು. ರೈತರು ಮತ್ತು ಕಾರ್ಮಿಕರ ಪಕ್ಷದ ಫ್ಲಾಯ್ಡ್ ಓಲ್ಸನ್. ಆತನ ತಂದೆ ನಾರ್ವೆಯವರು, ತಾಯಿ ಸ್ವೀಡನ್‌ನವರು.